ಬಿನೋದ್ ಬಿಹಾರಿ ಮುಖರ್ಜಿ ಕಣ್ಣಿಲ್ಲದೆ ಚಿತ್ರ ಬರೆದದ್ದು ಹೇಗೆ?

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಹುಟ್ಟಿನಿಂದ ಒಂದು ಕಣ್ಣು ಕಾಣುವುದಿಲ್ಲ. ಇನ್ನೊಂದಕ್ಕೆ ದಪ್ಪ ಕನ್ನಡಕ ಹಾಕಿದರೂ ದೂರದ್ದು ಮಸುಕು. ಆದರೂ ಹೊತ್ತು ಸಿಕ್ಕಾಗೆಲ್ಲ ಚಿತ್ರ ಬರೆಯುತ್ತಾನೆ. ಶಾಲೆಯ ಡ್ರಾಯಿಂಗ್ ಮೇಷ್ಟ್ರು "ಇವನಿಗೆ ಇದು ಬೇಡ" ಅಂದುಬಿಟ್ಟರು. ನೆಂಟರು "ಗದಗಿಗೆ ಕಳಿಸಿ, ಸಂಗೀತ ಕಲಿಯಲಿ" ಅನ್ನುತ್ತಾರೆ. ಬಂಗಾಳದಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಎಂಬ ಕಣ್ಣು ಕಾಣದ ಕಲಾವಿದರಿದ್ದರು ಎಂದು ಒಬ್ಬರು ಹೇಳಿದರು. ಅವರು ನಿಜಕ್ಕೂ ಕಣ್ಣಿಲ್ಲದೆ ಚಿತ್ರ ಬರೆದರಾ? ಅದು ಹೇಗೆ ಸಾಧ್ಯ? ಅವರ ಬದುಕಿನಲ್ಲಿ ನನ್ನ ಮಗನಿಗೆ ಬೇಕಾದದ್ದು ಏನಾದರೂ ಇದೆಯಾ?

ಉತ್ತರ: ಅಮ್ಮ, ಹೌದು, ಅವರು ಬರೆದರು. ಕಣ್ಣು ಪೂರ್ತಿ ಹೋದ ಮೇಲೂ 20 ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದರು. ಆದರೆ ನಿಮ್ಮ ಮಗನಿಗೆ ಬೇಕಾದದ್ದು ಇರುವುದು ಅದಕ್ಕೂ ಮುಂಚಿನ 50 ವರ್ಷಗಳಲ್ಲಿ. ಅವರ ಬಗ್ಗೆ ಮಾತಾಡುವವರು ಕುರುಡುತನದಿಂದ ಶುರು ಮಾಡಿ ಚಪ್ಪಾಳೆಯಲ್ಲಿ ಮುಗಿಸುತ್ತಾರೆ. ನಾನು ಬಾಲ್ಯದಿಂದ ಶುರು ಮಾಡುತ್ತೇನೆ.

ಬಿನೋದ್ ಬಿಹಾರಿ ಹುಟ್ಟಿದ್ದು 1904ರ ಫೆಬ್ರವರಿ 7ರಂದು, ಕೋಲ್ಕತ್ತದ ಬೆಹಾಲಾದಲ್ಲಿ. ಹುಟ್ಟಿನಿಂದಲೇ ಅವರ ಕಣ್ಣು ಹೆಚ್ಚುಕಡಿಮೆ ನಿಮ್ಮ ಮಗನ ಕಣ್ಣಿನ ಹಾಗೇ ಇತ್ತು. ಒಂದು ಕಾಣುತ್ತಿರಲಿಲ್ಲ. ಇನ್ನೊಂದರಲ್ಲಿ ತೀರಾ ಹತ್ತಿರ ಹಿಡಿದದ್ದು ಮಾತ್ರ ಸ್ಪಷ್ಟ. ಬೇರೆ ಮಕ್ಕಳ ಹಾಗೆ ನೆಟ್ಟಗೆ ಶಾಲೆ ಕಲಿಯಲು ಆಗಲಿಲ್ಲ. ಕೊನೆಗೆ 1917ರಲ್ಲಿ, 13ನೇ ವಯಸ್ಸಿನಲ್ಲಿ, ರವೀಂದ್ರನಾಥ ಟ್ಯಾಗೋರರ ಶಾಂತಿನಿಕೇತನಕ್ಕೆ ಬಂದರು. ಅಲ್ಲಿ ಪಾಠ ನಡೆಯುತ್ತಿದ್ದದ್ದು ಮರದ ಕೆಳಗೆ. ಎರಡು ವರ್ಷ ಕಳೆದು, 1919ರಲ್ಲಿ, ಅಲ್ಲಿ ಕಲಾಭವನ ಎಂಬ ಕಲಾಶಾಲೆ ಶುರುವಾಯಿತು. ಅದರ ಮೊದಲ ವಿದ್ಯಾರ್ಥಿಗಳಲ್ಲಿ ಈ ಹುಡುಗನೂ ಒಬ್ಬ.

ಅಲ್ಲಿನ ಗುರು ನಂದಲಾಲ್ ಬೋಸ್. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಕೋಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತರಲ್ಲ, ಆಗ ಜೊತೆಯಲ್ಲಿ ಕಲಿಯುತ್ತಿದ್ದವರು ಈ ನಂದಲಾಲರು. ದೊಡ್ಡ ಮೇಷ್ಟ್ರು, ಒಳ್ಳೆಯ ಮನಸ್ಸಿನವರು. ಆದರೂ ಈ ಹುಡುಗನನ್ನು ನೋಡಿ ಅವರಿಗೆ ಅನುಮಾನ ಬಂತು. ಕಣ್ಣೇ ಸರಿಯಿಲ್ಲದವನು ಕಲಾವಿದನಾಗಿ ಹೇಗೆ ಬದುಕಿಯಾನು ಎಂದು ಟ್ಯಾಗೋರರ ಮುಂದೆ ಹೇಳಿದರು. ಅದಕ್ಕೆ ಟ್ಯಾಗೋರರು ಕೇಳಿದ್ದು ಇಷ್ಟೇ: ಹುಡುಗ ದಿನಾ ಬಂದು ತನ್ನ ಜಾಗದಲ್ಲಿ ಕೂತು ಮನಸ್ಸಿಟ್ಟು ಕೆಲಸ ಮಾಡುತ್ತಾನಾ? ಮಾಡುತ್ತಾನೆ ಅಂದರೆ ಇರಲಿ ಬಿಡಿ. ಅವನ ಮುಂದಿನ ದಿನಗಳ ಚಿಂತೆ ನೀವು ಹಚ್ಚಿಕೊಳ್ಳಬೇಡಿ. ಅವನ ದಾರಿ ಅವನು ಹುಡುಕಿಕೊಳ್ಳಲಿ.

ಪಾಠ ಹೇಳಿಕೊಡುವ ನನಗೆ ಈ ಮಾತು ಬಹಳ ದೊಡ್ಡದು. ಟ್ಯಾಗೋರರು ಅವನನ್ನು ಹೊಗಳಲಿಲ್ಲ. ಇವನು ದೊಡ್ಡ ಕಲಾವಿದ ಆಗುತ್ತಾನೆ ಎಂದು ಭವಿಷ್ಯವನ್ನೂ ನುಡಿಯಲಿಲ್ಲ. ಕೂರಲು ಒಂದು ಜಾಗ ಕೊಡಿಸಿದರು. ನಂದಲಾಲರೂ ಆಮೇಲೆ ಮನಸಾರೆ ಕಲಿಸಿದರು. ಅದೇ ಹುಡುಗ 1925ರಲ್ಲಿ ಅದೇ ಕಲಾಭವನದಲ್ಲಿ ಮೇಷ್ಟ್ರಾದ.

ಈಗ ನೀವು ಕೇಳಿದ "ಹೇಗೆ" ಎಂಬುದಕ್ಕೆ ಬರುತ್ತೇನೆ.

ಶಾಂತಿನಿಕೇತನ ಇರುವುದು ಬೀರ್‌ಭೂಮ್ ಜಿಲ್ಲೆಯಲ್ಲಿ. ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಹಾಗೆ ಕೆಂಪು ಮಣ್ಣು. ಮಳೆ ನೀರು ಕೊರೆದು ಮಾಡಿದ ಕೊರಕಲುಗಳಿಗೆ ಅಲ್ಲಿ ಖೋಯಾಯಿ ಅನ್ನುತ್ತಾರೆ. ಅಲ್ಲೊಂದು ಇಲ್ಲೊಂದು ತಾಳೆಮರ. ಸಂತಾಲ ಬುಡಕಟ್ಟಿನವರ ಹಳ್ಳಿಗಳು. ಆ ಕಾಲದ ಬಂಗಾಳಿ ಚಿತ್ರಗಾರರು ಪುರಾಣ ಮತ್ತು ಇತಿಹಾಸದ ಕಥೆಗಳನ್ನು ಜಾಸ್ತಿ ಬರೆಯುತ್ತಿದ್ದರು. ಬಿನೋದ್ ಬಿಹಾರಿಗೆ ಈ ಬಯಲು ಹಿಡಿಸಿತು. ಸುಮ್ನೆ ನಡೆಯುವುದು, ಮರದ ಕೆಳಗೆ ಕೂರುವುದು, ಬರೆಯುವುದು. ಅವರ ಒಳ್ಳೆಯ ಚಿತ್ರಗಳಲ್ಲಿ ಬಹಳಷ್ಟರಲ್ಲಿ ಕಥೆಯೇ ಇಲ್ಲ. ಮರ ಇದೆ, ಬಿಸಿಲಿದೆ, ನಡೆದು ಹೋಗುವ ಒಬ್ಬ ಮನುಷ್ಯ ಇದ್ದಾನೆ.

ಇದನ್ನೆಲ್ಲ ಅವರು ಚಿಕ್ಕ ವಯಸ್ಸಿನಲ್ಲೇ ಸುರುಳಿ ಚಿತ್ರಗಳಲ್ಲಿ ಬರೆಯತೊಡಗಿದರು. ಸುರುಳಿ ಅಂದರೆ ಅಗಲ ಕಡಿಮೆ, ಉದ್ದ ವಿಪರೀತ. 1924ರಲ್ಲಿ, 20ನೇ ವಯಸ್ಸಿನಲ್ಲಿ, ಶಾಂತಿನಿಕೇತನದ ಸುತ್ತಲಿನ ನೋಟಗಳ ಒಂದು ಸುರುಳಿ ಬರೆದರು. ಅದರ ಉದ್ದ 44 ಅಡಿ ದಾಟುತ್ತದೆ! ಚೀನಾ, ಜಪಾನಿನಲ್ಲಿ ಇದು ಹಳೆಯ ಪದ್ಧತಿ. ಕೈಯಲ್ಲಿ ಹಿಡಿದು, ಒಂದು ಕಡೆ ಬಿಚ್ಚುತ್ತ, ಇನ್ನೊಂದು ಕಡೆ ಸುತ್ತುತ್ತ ನೋಡಬೇಕು. ಒಂದು ಸಲಕ್ಕೆ ಕಾಣುವುದು ಒಂದು ತೋಳಿನಷ್ಟು ಉದ್ದ ಮಾತ್ರ.

ಈ ಸುರುಳಿ ಅವರ ಕಣ್ಣಿಗೆ ಹೇಳಿ ಮಾಡಿಸಿದ್ದು ಅಂತ ನನ್ನ ಅಭಿಪ್ರಾಯ. ದೂರದಿಂದ ಒಂದೇ ನೋಟಕ್ಕೆ ಎಲ್ಲವನ್ನೂ ಕಾಣುವ ಕಣ್ಣು ಅವರಿಗಿರಲಿಲ್ಲ. ಹತ್ತಿರ ಹೋಗಬೇಕು, ಒಂದು ತುಂಡು ನೋಡಬೇಕು, ಅದನ್ನು ನೆನಪಿಟ್ಟುಕೊಂಡು ಮುಂದಿನ ತುಂಡಿಗೆ ಹೋಗಬೇಕು. ಅವರು ಲೋಕವನ್ನು ನೋಡುತ್ತಿದ್ದದ್ದೇ ಹಾಗೆ. ಸುರುಳಿಯನ್ನು ನೋಡುವುದೂ ಹಾಗೇ. ಇಲ್ಲಿ ದೋಷ ಗೆದ್ದ ಮಾತೇ ಬರುವುದಿಲ್ಲ. ತನ್ನ ನೋಟಕ್ಕೆ ಹೊಂದುವ ರೂಪವನ್ನು ಆ ಹುಡುಗ ಹುಡುಕಿಕೊಂಡ, ಅಷ್ಟೇ. ಅವರ ಗೆರೆಯನ್ನೂ ಹೀಗೇ ನೋಡಬೇಕು. ನೆರಳು ಬೆಳಕಿನ ನಯ ಕಡಿಮೆ, ಗೆರೆ ಮಾತ್ರ ಗಟ್ಟಿ. ನಮ್ಮಲ್ಲಿ ರಂಗೋಲಿ ಹಾಕುವವರ ಕೈ ಚುಕ್ಕಿಯಿಂದ ಚುಕ್ಕಿಗೆ ಹೋಗುವಾಗ ತಡೆಯುವುದಿಲ್ಲ ನೋಡಿ, ಆ ಥರದ ಗೆರೆ. 1937-38ರಲ್ಲಿ ಜಪಾನಿಗೆ ಹೋಗಿ ಬಂದರು. ಅಲ್ಲಿನ ಮಸಿ ಚಿತ್ರಗಳನ್ನು ನೋಡಿ ಬಂದ ಮೇಲೆ ಆ ಗೆರೆ ಇನ್ನೂ ಬಿಗಿಯಾಯಿತು.

ಆಮೇಲೆ ಗೋಡೆಗಳು. 1940ರಲ್ಲಿ ಕಲಾಭವನದ ಹಾಸ್ಟೆಲಿನ ಚಾವಣಿಯ ಒಳಮೈಗೆ ಬೀರ್‌ಭೂಮಿನ ಹಳ್ಳಿಯನ್ನು ಬರೆದರು. ನಡುವೆ ಒಂದು ಕೆರೆ. ಕೆರೆಯ ಸುತ್ತ ಮರಗಳು, ದನಕರು, ಜನ. ಕೆಳಗೆ ಮಂಚದ ಮೇಲೆ ಮಲಗಿದ ವಿದ್ಯಾರ್ಥಿ ಯಾವ ಕಡೆ ತಲೆ ಹಾಕಿದರೂ ಊರು ಕಾಣುತ್ತದೆ. 1942ರಲ್ಲಿ ಅಲ್ಲಿನ ಚೀನೀ ಅಧ್ಯಯನದ ವಿಭಾಗವಾದ ಚೀನಾಭವನದಲ್ಲಿ ಶಾಂತಿನಿಕೇತನದ ದಿನನಿತ್ಯದ ಬದುಕನ್ನು ಬರೆದರು. ಅವರ ಎಲ್ಲಕ್ಕಿಂತ ದೊಡ್ಡ ಕೆಲಸ 1946-47ರದ್ದು. ಅಲ್ಲಿನ ಹಿಂದಿ ವಿಭಾಗವಾದ ಹಿಂದಿಭವನದ ಮೂರು ಗೋಡೆಗಳ ಮೇಲ್ಭಾಗದ ಉದ್ದಕ್ಕೂ ಮಧ್ಯಯುಗದ ಭಕ್ತಿ ಸಂತರ ಚಿತ್ರ.

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಇದು ಹಸಿ ಗಾರೆಯ ಮೇಲೆ ಬರೆದದ್ದು, ಫ್ರೆಸ್ಕೊ ಅನ್ನುತ್ತಾರೆ. ಒಂದು ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಸುಣ್ಣದ ಗಾರೆ ಬಳಿಯಬೇಕು. ಅದು ಹಸಿಯಾಗಿರುವಾಗಲೇ ಬಣ್ಣ ಹಾಕಬೇಕು. ಸುಣ್ಣ ಒಣಗುತ್ತ ಗಾಳಿಯ ಜೊತೆ ಸೇರಿ ಕಲ್ಲಾಗುತ್ತದೆ, ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ತಪ್ಪಾದರೆ ಅಳಿಸಿ ಬರೆಯುವ ಹಾಗಿಲ್ಲ. ಗಾರೆ ಕಿತ್ತು ಮತ್ತೆ ಬಳಿಯಬೇಕು. ಸಾಮಾನ್ಯವಾಗಿ ಚಿತ್ರಗಾರರು ಗೋಡೆಯಷ್ಟೇ ದೊಡ್ಡ ನಕ್ಷೆಯನ್ನು ಕಾಗದದ ಮೇಲೆ ಮೊದಲು ಮಾಡಿಕೊಂಡು ಗೋಡೆಗೆ ಇಳಿಸುತ್ತಾರೆ. ಬಿನೋದ್ ಬಿಹಾರಿ ಹಾಗೆ ಮಾಡಲಿಲ್ಲ. ಚಿಕ್ಕ ಸ್ಕೆಚ್ ಇಟ್ಟುಕೊಂಡು ನೇರವಾಗಿ ಗೋಡೆಗೆ ಕೈ ಹಚ್ಚಿದರು.

ನೆನೆಸಿಕೊಳ್ಳಿ ಅಮ್ಮ. ಅಟ್ಟಣಿಗೆಯ ಮೇಲೆ ನಿಂತ ಮನುಷ್ಯ. ಒಂದೇ ಕಣ್ಣು, ಅದಕ್ಕೂ ದೂರದ್ದು ಕಾಣದು. ಹಿಂದೆ ಸರಿದು ನಿಂತು "ಸರಿ ಬಂತಾ" ಎಂದು ನೋಡಿದರೆ ಮಸುಕು. ಪೂರ್ತಿ ಚಿತ್ರ ಇರುವುದು ಅವರ ತಲೆಯೊಳಗೆ ಮಾತ್ರ. ಅದನ್ನು ದಿನಕ್ಕೊಂದು ತುಂಡಿನ ಹಾಗೆ ಗೋಡೆಗೆ ಇಳಿಸುತ್ತ ಹೋದರು. ವಿದ್ಯಾರ್ಥಿಗಳು ಕೈ ಜೋಡಿಸಿದರು. ಅವರಲ್ಲಿ ಕೆ.ಜಿ. ಸುಬ್ರಮಣ್ಯನ್ ಒಬ್ಬರು, ಮುಂದೆ ದೊಡ್ಡ ಕಲಾವಿದರಾದರು. ಪತ್ನಿ ಲೀಲಾ ಕೂಡ ಇದ್ದರು, ಅವರು ಶಿಲ್ಪಿ. ಹಿಂದಿಭವನದಲ್ಲಿ ಆಗ ಹಿಂದಿ ವಿದ್ವಾಂಸ ಹಜಾರಿ ಪ್ರಸಾದ್ ದ್ವಿವೇದಿಯವರಿದ್ದರು. ಕಬೀರನ ಬಗ್ಗೆ ಅವರಷ್ಟು ಬಲ್ಲವರು ಕಡಿಮೆ.

ಆ ಗೋಡೆಯಲ್ಲಿ ರಾಮಾನುಜರಿದ್ದಾರೆ, ನಮ್ಮ ಮೇಲುಕೋಟೆಯಲ್ಲಿ ಬಹುಕಾಲ ಇದ್ದವರು. ಕಬೀರ ಇದ್ದಾನೆ, ತುಳಸೀದಾಸರಿದ್ದಾರೆ, ಕಣ್ಣು ಕಾಣದ ಕವಿ ಸೂರದಾಸರಿದ್ದಾರೆ. ಯಾರ ತಲೆಯ ಹಿಂದೆಯೂ ಪ್ರಭಾವಳಿ ಇಲ್ಲ. ಸಂತರ ಸುತ್ತ ನೇಯುವವರು, ಹೊರೆ ಹೊತ್ತವರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಒಂದು ನದಿ ಹರಿದ ಹಾಗೆ ಜನ ಹರಿಯುತ್ತಾರೆ. ನಾನು ಮೊದಲ ಸಲ ಆ ಕೋಣೆಗೆ ಹೋದಾಗ ಎಲ್ಲಿ ನಿಂತು ನೋಡಬೇಕು ಎಂದೇ ತಿಳಿಯಲಿಲ್ಲ. ಒಂದು ಕಡೆ ನಿಂತರೆ ಆಗುವುದಿಲ್ಲ. ಗೋಡೆಯ ಜೊತೆ ನಡೆಯಬೇಕು, ಸುರುಳಿ ಬಿಚ್ಚಿದ ಹಾಗೆ. 20ರ ಹುಡುಗ ಕಂಡುಕೊಂಡ ರೂಪವೇ ಅವರ 42ನೇ ವಯಸ್ಸಿನಲ್ಲಿ ಗೋಡೆ ಹತ್ತಿತ್ತು. 20ನೇ ಶತಮಾನದ ಭಾರತದಲ್ಲಿ ಇದಕ್ಕಿಂತ ದೊಡ್ಡ ಭಿತ್ತಿಚಿತ್ರ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಅಳತೆಯ ಮಾತಲ್ಲ, ಒಳಗಿನ ಕಸುವಿನ ಮಾತು.

1940ರ ದಶಕದ ಕೊನೆಗೆ ಶಾಂತಿನಿಕೇತನ ಬಿಟ್ಟರು. ಕಠ್ಮಂಡುವಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಕ್ಯುರೇಟರ್ ಆಗಿದ್ದರು. ರಾಜಸ್ಥಾನದ ಬನಸ್ಥಲಿ ವಿದ್ಯಾಪೀಠದಲ್ಲಿ ಕೆಲಸ ಮಾಡಿದರು. ಮಸ್ಸೂರಿಯಲ್ಲಿ ಲೀಲಾ ಅವರ ಜೊತೆ ಕಲಾಶಾಲೆ ನಡೆಸಿದರು. ಈ ನಡುವೆ ಉಳಿದ ಕಣ್ಣೂ ಮಂಕಾಗುತ್ತ ಬಂತು. ಪೊರೆಯ ಆಪರೇಷನ್ ಆಯಿತು, ಫಲ ಕೊಡಲಿಲ್ಲ. 1957ರ ಹೊತ್ತಿಗೆ ಬೆಳಕು ಪೂರ್ತಿ ಹೋಗಿತ್ತು. ಆಗ ಅವರ ವಯಸ್ಸು 50 ದಾಟಿತ್ತು.

ಇದು ನಷ್ಟವೇ. ಇದನ್ನು ವರ ಎಂದು ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಖೋಯಾಯಿಯ ಬಿಸಿಲನ್ನು ಮತ್ತೆ ಕಾಣದೆ ಹೋದ ಮನುಷ್ಯನಿಗೆ ಅದು ವರ ಹೇಗಾದೀತು? ಅವರು ಅದನ್ನು ಶಾಪ ಎಂದು ಕೂಡ ಕೂರಲಿಲ್ಲ. ಕುರುಡುತನ ಒಂದು ಹೊಸ ಭಾವ, ಹೊಸ ಅನುಭವ, ಇರುವಿಕೆಯ ಹೊಸದೊಂದು ಸ್ಥಿತಿ ಎಂದರು.

1958ರಲ್ಲಿ ಶಾಂತಿನಿಕೇತನಕ್ಕೆ ಮೇಷ್ಟ್ರಾಗಿ ವಾಪಸ್ ಬಂದರು. ಈ ಸಲ ಕಲೆಯ ಇತಿಹಾಸ, ಕಲೆಯ ವಿಚಾರ ಹೇಳಿಕೊಡಲು. ಕಣ್ಣು ಕಾಣದವರನ್ನು ಚಿತ್ರಕಲೆಯ ಪಾಠಕ್ಕೆ ಕರೆದ ಆ ಸಂಸ್ಥೆಗೂ ಒಂದು ನಮಸ್ಕಾರ ಹೇಳಬೇಕು. ಜೊತೆಗೆ ಕೈ ಕೆಲಸವೂ ನಿಲ್ಲಲಿಲ್ಲ. ಮೇಣದಲ್ಲಿ ಚಿಕ್ಕ ಚಿಕ್ಕ ಬೊಂಬೆಗಳನ್ನು ಮಾಡಿದರು. ಗೆರೆ ಚಿತ್ರ ಬರೆದರು. ಲಿಥೋಗ್ರಾಫ್, ಅಂದರೆ ಕಲ್ಲಚ್ಚಿನ ಚಿತ್ರ, ಮಾಡಿದರು. ಎಲ್ಲಕ್ಕಿಂತ ಚೆಂದದವು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಕೊಲಾಜುಗಳು.

ಕಾಗದ ಯಾಕೆ ಅಂತ ಯೋಚಿಸಿ. ಕುಂಚದ ಗೆರೆಯನ್ನು ಬೆರಳಿಂದ ಮುಟ್ಟಿ ತಿಳಿಯಲು ಆಗುವುದಿಲ್ಲ. ಮುಟ್ಟಿದರೆ ಬಣ್ಣ ಕಲಸಿಹೋಗುತ್ತದೆ. ಕತ್ತರಿಸಿದ ಕಾಗದಕ್ಕೆ ಅಂಚಿದೆ. ಆ ಅಂಚೇ ಗೆರೆ. ಅದನ್ನು ತಡವಿ ನೋಡಬಹುದು, ತಿರುಗಿಸಬಹುದು, ಸರಿಸಬಹುದು, ಸರಿ ಕಂಡ ಮೇಲೆ ಅಂಟಿಸಬಹುದು. ಬಣ್ಣ ಯಾವುದು ಅಂತ ಪಕ್ಕದವರು ಹೇಳಿದರೆ ಸಾಕು. ಯಾವ ಬಣ್ಣದ ಪಕ್ಕ ಯಾವುದು ಕೂತರೆ ಏನಾಗುತ್ತದೆ ಎಂಬುದು 40 ವರ್ಷ ಬಣ್ಣ ಕಲಸಿದ ಮನುಷ್ಯನ ತಲೆಯಲ್ಲಿ ಇದ್ದೇ ಇರುತ್ತದೆ. 1972ರಲ್ಲಿ ಇದೇ ರೀತಿಯ ಆಕಾರಗಳನ್ನು ಸೆರಾಮಿಕ್ ಟೈಲ್ಸಿನಲ್ಲಿ ಮಾಡಿಸಿ ಕಲಾಭವನದ ಗೋಡೆಗೆ ಕೂರಿಸಿದರು. ಆ ಗೋಡೆ ಇವತ್ತೂ ಇದೆ. ಶಾಂತಿನಿಕೇತನ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು. ಎಂದಾದರೂ ಆ ಕಡೆ ಹೋದರೆ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಹೌರಾದಿಂದ ಶಾಂತಿನಿಕೇತನದ ಪಕ್ಕದ ಬೋಲ್‌ಪುರಕ್ಕೆ ರೈಲಿದೆ.

"ಒಳಗಣ್ಣು" ಎಂಬ ಮಾತು ಇವರ ಹೆಸರಿನ ಜೊತೆ ಬಂದೇ ಬರುತ್ತದೆ. ಅದಕ್ಕೆ ಕಾರಣ ಸತ್ಯಜಿತ್ ರಾಯ್. ರಾಯ್ ಅವರು ಯುವಕರಾಗಿದ್ದಾಗ ಕಲಾಭವನದಲ್ಲಿ ಇವರ ವಿದ್ಯಾರ್ಥಿ. 1972ರಲ್ಲಿ ಗುರುವಿನ ಮೇಲೆ 20 ನಿಮಿಷದ ಸಾಕ್ಷ್ಯಚಿತ್ರ ಮಾಡಿದರು, ಹೆಸರು 'ದಿ ಇನ್ನರ್ ಐ'. ಕಪ್ಪು ಕನ್ನಡಕ ಹಾಕಿಕೊಂಡ ಮೇಷ್ಟ್ರು ತಮ್ಮ ಪಾಡಿಗೆ ಕೆಲಸದಲ್ಲಿ ಮುಳುಗಿರುವುದು ಅದರಲ್ಲಿದೆ. ಮಗನ ಜೊತೆ ಕೂತು ನೋಡಿ. ಆದರೆ ಒಳಗಣ್ಣು ಅಂದಕೂಡಲೇ ಅದೇನೋ ಪವಾಡ ಎಂದು ಅವನಿಗೆ ಹೇಳಬೇಡಿ. ಅಲ್ಲಿರುವುದು 40 ವರ್ಷದ ಅಭ್ಯಾಸ. ಸಾವಿರಾರು ಗೆರೆ ಎಳೆದ ಕೈಗೆ ಗೆರೆ ನೆನಪಿರುತ್ತದೆ. ಕತ್ತಲಲ್ಲಿ ಅಡುಗೆಮನೆಗೆ ಹೋದರೂ ನಿಮ್ಮ ಕೈ ಉಪ್ಪಿನ ಡಬ್ಬಿಗೇ ಹೋಗುತ್ತದಲ್ವಾ? ಅದೇ ಥರದ ನೆನಪು, ಬಹಳ ದೊಡ್ಡ ಪ್ರಮಾಣದ್ದು.

ಅವರು ಬರಹಗಾರರೂ ಹೌದು ಎಂಬುದು ಕರ್ನಾಟಕದಲ್ಲಿ ಅಷ್ಟಾಗಿ ಗೊತ್ತಿಲ್ಲ. ಕಲೆಯ ಬಗ್ಗೆ ಮೊದಲಿಂದಲೂ ಬಂಗಾಳಿಯಲ್ಲಿ ಬರೆಯುತ್ತಿದ್ದರು. ಕಣ್ಣು ಹೋದ ಮೇಲೆ ಬೇರೆಯದೇ ಬರಹ ಹುಟ್ಟಿತು. ಬಾಯಲ್ಲಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಹಾಗೆ ಬಂದ ಆತ್ಮಕಥನ 'ಚಿತ್ರಕರ್' ಪುಸ್ತಕವಾಗಿ 1979ರಲ್ಲಿ ಅಚ್ಚಾಯಿತು. ಅದಕ್ಕೆ ಪಶ್ಚಿಮ ಬಂಗಾಳದ ಸಾಹಿತ್ಯ ಪ್ರಶಸ್ತಿಯಾದ ರವೀಂದ್ರ ಪುರಸ್ಕಾರ ಬಂತು. ಹಿಂದಿಭವನದ ಅಟ್ಟಣಿಗೆ ಹತ್ತಿದ್ದ ಅದೇ ಶಿಷ್ಯ ಸುಬ್ರಮಣ್ಯನ್ ಮುಂದೆ ಅದನ್ನು ಇಂಗ್ಲಿಷಿಗೆ ತಂದರು. ಕನ್ನಡದ ಚಿತ್ರಕಲಾ ವಿದ್ಯಾರ್ಥಿಗಳೂ ಹುಡುಕಿ ಓದಬೇಕಾದ ಪುಸ್ತಕ ಅದು. ಅದರಲ್ಲಿ ಅಳುವ ದನಿ ಇಲ್ಲ. ದೊಡ್ಡ ಮಾತೂ ಇಲ್ಲ. ಒಬ್ಬ ಮನುಷ್ಯ ಬೆಳಕಿನ ಲೋಕದಿಂದ ಕತ್ತಲ ಲೋಕಕ್ಕೆ ಬಂದು ಅಲ್ಲಿ ಏನಿದೆ ಅಂತ ಶಾಂತವಾಗಿ ಹೇಳುತ್ತಾನೆ. ಚಿತ್ರದಲ್ಲಿ ಹಿಡಿಯಲು ಆಗದೆ ಉಳಿದದ್ದಕ್ಕೆ ಮಾತು ದಾರಿ ಕೊಟ್ಟಿತು ಅನಿಸುತ್ತದೆ. ಕಣ್ಣಿದ್ದಿದ್ದರೆ ಈ ಪುಸ್ತಕ ಹೀಗೆ ಬರುತ್ತಿರಲಿಲ್ಲವೇನೋ.

1974ರಲ್ಲಿ ಪದ್ಮವಿಭೂಷಣ ಸಿಕ್ಕಿತು. 1980ರ ನವೆಂಬರ್ 11ರಂದು ತೀರಿಕೊಂಡರು. ಮಗಳು ಮೃಣಾಲಿನಿ ನಾರಿನ ಹಗ್ಗದಲ್ಲಿ ಗಂಟು ಹಾಕಿ ದೊಡ್ಡ ಶಿಲ್ಪಗಳನ್ನು ಮಾಡಿ ಲೋಕಪ್ರಸಿದ್ಧರಾದರು. ಮುಟ್ಟಿದರೇ ತಿಳಿಯುವಂಥ ಶಿಲ್ಪಗಳು ಅವು.

ಇನ್ನು ನಿಮ್ಮ ಮನೆಯ ಮಾತು. ಗದಗಿನ ಮಾತು ನೆಂಟರ ಬಾಯಲ್ಲಿ ಬಂದದ್ದು ಸಹಜ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಅನ್ನ ಮತ್ತು ವಿದ್ಯೆ ಎರಡನ್ನೂ ಕೊಟ್ಟರು. ಪುಟ್ಟರಾಜರು ಹಾಡಿದ್ದಲ್ಲದೆ ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಬರೆದರು. ವೀರೇಶ್ವರ ಪುಣ್ಯಾಶ್ರಮ ಮಾಡಿದ ಕೆಲಸಕ್ಕೆ ಕೈ ಮುಗಿಯಬೇಕು. ನಿಮ್ಮ ಮಗನಿಗೆ ಹಾಡಲು ಇಷ್ಟವಿದ್ದರೆ ಖಂಡಿತ ಕಳಿಸಿ. ಆದರೆ ಅವನಿಗೆ ಇಷ್ಟ ಇರುವುದು ಚಿತ್ರ ಅಂತ ನೀವೇ ಬರೆದಿದ್ದೀರಿ. ಕಣ್ಣು ಕಡಿಮೆ ಎಂಬ ಒಂದೇ ಕಾರಣಕ್ಕೆ ಪೆನ್ಸಿಲ್ ಕಿತ್ತು ಹಾರ್ಮೋನಿಯಂ ಕೊಡುವುದು ಸರಿಯಲ್ಲ.

ಡ್ರಾಯಿಂಗ್ ಮೇಷ್ಟ್ರ ಮೇಲೆ ಸಿಟ್ಟಾಗಬೇಡಿ. ನಂದಲಾಲರಿಗೂ ಮೊದಲು ಅದೇ ಅನುಮಾನ ಬಂದಿತ್ತು. ನಿಮ್ಮ ಮೇಷ್ಟ್ರಿಗೆ ಈ ಕಥೆ ಹೇಳಿ, ಹುಡುಗನನ್ನು ಕ್ಲಾಸಿನಲ್ಲಿ ಕೂರಿಸಿಕೊಳ್ಳಿ ಎಂದು ಕೇಳಿ. ಬೋರ್ಡ್ ನೋಡಿ ನಕಲು ಮಾಡುವ ಕೆಲಸ ಅವನಿಗೆ ಬೇಡ. ಬರೆಯಬೇಕಾದ ವಸ್ತುವನ್ನೇ ಅವನ ಕೈಗೆ ಕೊಟ್ಟು ಹತ್ತಿರದಿಂದ ನೋಡಲು ಬಿಡಲಿ. ಹೂವಿದ್ದರೆ ಹೂವು, ಎಲೆ ಇದ್ದರೆ ಎಲೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಮಂದದೃಷ್ಟಿಯೂ ಸೇರಿದೆ. ಮಗುವಿಗೆ ತಕ್ಕ ಅನುಕೂಲ ಮಾಡಿಕೊಡುವುದು ಶಾಲೆಯ ಕರ್ತವ್ಯ. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಇನ್ನೂ ಮಾಡಿಸಿಲ್ಲದಿದ್ದರೆ ಅರ್ಜಿ ಹಾಕಿ.

ಬರೆದರೆ ಕಣ್ಣು ಇನ್ನೂ ಹಾಳಾಗುತ್ತದೆಯೇ ಎಂಬ ಭಯ ನಿಮಗೆ ಇರಬಹುದು. ಅದಕ್ಕೆ ಉತ್ತರ ಹೇಳಬೇಕಾದವರು ಕಣ್ಣಿನ ಡಾಕ್ಟರು. ಲೋ ವಿಷನ್ ಕ್ಲಿನಿಕ್ ಇರುವ ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಿ ಕೇಳಿ. ಭೂತಗನ್ನಡಿ, ಓರೆ ಹಲಗೆಯ ಮೇಜು, ಟೇಬಲ್ ಲ್ಯಾಂಪ್, ಇಂಥವುಗಳಲ್ಲಿ ಅವನಿಗೆ ಯಾವುದು ಹೊಂದುತ್ತದೆ ಎಂದು ಅಲ್ಲಿ ನೋಡಿ ಹೇಳುತ್ತಾರೆ. ಮೇಜು ಓರೆಯಾಗಿದ್ದರೆ ಬಗ್ಗಿ ಬಗ್ಗಿ ಕುತ್ತಿಗೆ ನೋಯುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. ಯಾವುದಾದರೂ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ. ಕತ್ತರಿಸಿ ಉಳಿದ ಉದ್ದುದ್ದ ಬಿಳಿ ಕಾಗದದ ಪಟ್ಟಿಗಳನ್ನು ಕೇಳಿದರೆ ಕೊಡುತ್ತಾರೆ. ಮೈದಾ ಅಂಟಿನಲ್ಲಿ ಒಂದಕ್ಕೊಂದು ಅಂಟಿಸಿ, ಒಣಗಿದ ಮೇಲೆ ಸುತ್ತಿ ಅವನ ಕೈಗೆ ಕೊಡಿ. ಒಂದು ದಪ್ಪ ಕಪ್ಪು ಪೆನ್ನು. ಮನೆಯಿಂದ ಶಾಲೆಯವರೆಗಿನ ದಾರಿಯನ್ನು ಬರೆಯಲು ಹೇಳಿ, ದಿನಕ್ಕೆ ಒಂದು ಗೇಣು. ಕಾಗದ ಮುಗಿದರೆ ಮತ್ತೆ ಅಂಟಿಸಿದರಾಯಿತು.